ಜಗತ್ತಿನ ಮರಗಳ ನಡುವೆ ಒಂದು ದಿನ: ಹೋಗಿಬಂದವರ ಅನುಭವ

ಪ್ರಶ್ನೆ: ನಾನಾ ದೇಶಗಳ ಮರಗಳನ್ನು ಬೆಳೆಸಿರುವ ವೃಕ್ಷೋದ್ಯಾನಕ್ಕೆ ಮೊದಲ ಬಾರಿ ಹೋಗಲಿದ್ದೇನೆ. ಇರುವುದು ಒಂದೇ ದಿನ. ಏನನ್ನು, ಹೇಗೆ ನೋಡಬೇಕು?

ಉತ್ತರ 1: ಎಲ್ಲವನ್ನೂ ನೋಡಿ ಮುಗಿಸುವ ಆಸೆಯನ್ನು ಮೊದಲು ಬಿಡಿ. ನನ್ನ ಮೊದಲ ಭೇಟಿಯಲ್ಲಿ ನಾಮಫಲಕಗಳನ್ನು ಓದುತ್ತ ಓದುತ್ತ ನಡೆದೆ. ಸಂಜೆಯ ಹೊತ್ತಿಗೆ ಒಂದು ಮರವೂ ಕಣ್ಣಿನಲ್ಲಿ ಉಳಿದಿರಲಿಲ್ಲ. ಮುಂದಿನ ಸಲ ಮೆಟಾಸಿಕ್ವೋಯ ಮತ್ತು ಬಾಲ್ಡ್ ಸೈಪ್ರೆಸ್ ಎಂಬ ಎರಡೇ ಮರಗಳ ಬಳಿ ಬಹಳ ಹೊತ್ತು ಕಳೆದೆ. ಪೈನ್ ಮರದಂತೆ ಶಂಕುಧಾರಿಗಳಾಗಿದ್ದರೂ (ಈ ಗುಂಪಿನ ಹೆಚ್ಚಿನ ಮರಗಳು ನಿತ್ಯಹಸಿರು) ಎರಡೂ ಎಲೆ ಉದುರಿಸುತ್ತವೆ, ದೂರಕ್ಕೆ ಅವಳಿಗಳಂತೆ ಕಾಣುತ್ತವೆ. ಕೆಳಗೆ ಬಿದ್ದಿದ್ದ ಕಿರುರೆಂಬೆಗಳನ್ನು ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ, ಮೊದಲನೆಯದರ ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿಯೂ ಎರಡನೆಯದರವು ಒಂದು ಈಚೆ, ಒಂದು ಆಚೆ ಎಂಬಂತೆಯೂ ಜೋಡಣೆಗೊಂಡಿದ್ದವು. ಜಪಾನಿನ ಸಸ್ಯವಿಜ್ಞಾನಿ ಶಿಗೆರು ಮಿಕಿ 1941ರಲ್ಲಿ ಮೆಟಾಸಿಕ್ವೋಯ ಕುಲಕ್ಕೆ ಹೆಸರಿಟ್ಟದ್ದು ಕೇವಲ ಪಳೆಯುಳಿಕೆಗಳ ಆಧಾರದಿಂದ. ಅದೇ ದಶಕದಲ್ಲಿ ಚೀನಾದಲ್ಲಿ ಅದರ ಜೀವಂತ ಮರಗಳು ಸಿಕ್ಕವು, 1948ರಲ್ಲಿ ಅಮೆರಿಕದ ಆರ್ನಾಲ್ಡ್ ವೃಕ್ಷೋದ್ಯಾನವು ಅವುಗಳ ಬೀಜವನ್ನು ಹಲವು ದೇಶಗಳಿಗೆ ಹಂಚಿತು. ಬೇರೆ ಖಂಡಗಳ ಉದ್ಯಾನಗಳಲ್ಲಿ ಅದು ಎಷ್ಟೇ ಎತ್ತರಕ್ಕೆ ಬೆಳೆದಿದ್ದರೂ ವಯಸ್ಸು ಅಲ್ಲಿಂದೀಚಿನದು ಎಂಬುದು ತಿಳಿದ ಮೇಲೆ, ನಾನು ಕತ್ತೆತ್ತಿ ನೋಡುವ ರೀತಿಯೇ ಬದಲಾಯಿತು. ನಾಮಫಲಕದಲ್ಲಿ ಹೆಸರಿಗಿಂತ ತವರು ಪ್ರದೇಶವನ್ನೂ ದಾಖಲೆ ಸಂಖ್ಯೆಯನ್ನೂ ಗಮನಿಸಿ. ಗಿಡವು ಸಂಗ್ರಹಕ್ಕೆ ಸೇರಿದ ವರ್ಷ ಆ ಸಂಖ್ಯೆಯಲ್ಲೇ ಅಡಗಿರುವುದುಂಟು.

ಉತ್ತರ 2: ಮೇಲಿನ ಮಾತನ್ನು ಒಪ್ಪುತ್ತೇನೆ, ಜೊತೆಗೆ ಒಂದು ಭೂತಗನ್ನಡಿ ಇರಲಿ ಎನ್ನುತ್ತೇನೆ. ಬೀಸಣಿಗೆಯಾಕಾರದ ಗಿಂಕೋ ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರವೇ ಇಲ್ಲದೆ, ಪ್ರತಿ ನರವೂ ಎರಡಾಗಿ ಕವಲೊಡೆಯುತ್ತ ಅಂಚು ಮುಟ್ಟುವುದು ಕಾಣುತ್ತದೆ. ಎಲೆ ಉದುರಿದ ಕಾಲದಲ್ಲಿ ಹೋದರೆ ನಿರಾಶರಾಗಬೇಡಿ, ತೊಗಟೆಯನ್ನೂ ಕೊಂಬೆಗಳ ವಿನ್ಯಾಸವನ್ನೂ ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಬಿದ್ದದ್ದನ್ನಾದರೂ ಮನೆಗೆ ಒಯ್ಯುವ ಮುನ್ನ ಅಲ್ಲಿನ ನಿಯಮ ಕೇಳಿ. ಇನ್ನೂ ಮುಖ್ಯವಾಗಿ, ಚಿತ್ರ ತೆಗೆಯುವ ಆತುರದಲ್ಲಿ ದಾರಿ ಬಿಟ್ಟು ಬುಡದವರೆಗೆ ನುಗ್ಗಬೇಡಿ. ಆಹಾರ ಹೀರುವ ಸೂಕ್ಷ್ಮ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ, ಜನ ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಅವುಗಳಿಗೆ ಗಾಳಿ ಸಿಗುವುದಿಲ್ಲ. ಶರತ್ಕಾಲದಲ್ಲಿ ಹೋಗುವುದಾದರೆ ಜಪಾನ್ ಮತ್ತು ಚೀನಾ ಮೂಲದ ಕಟ್ಸುರ ಮರವನ್ನು ಹುಡುಕಿ. ಉದುರಿದ ಅದರ ಎಲೆಗಳಿಂದ ಸುಟ್ಟ ಸಕ್ಕರೆಯ ಪರಿಮಳ ಬರುತ್ತದೆ, ಎಷ್ಟೋ ಸಲ ಮರ ಕಾಣುವ ಮೊದಲೇ.