ಕೆನಲ್‌ನಲ್ಲಿ ಬೊಗಳುವ ನಾಯಿಯನ್ನು ಗುಂಪಲ್ಲಿ ಆಡಿಸಿದರೆ ದತ್ತು ಹೋಗುತ್ತಾ?

ಪ್ರಶ್ನೆ:
ನಾನು ವಾರಾಂತ್ಯದಲ್ಲಿ ದಿಕ್ಕಿಲ್ಲದ ನಾಯಿಗಳನ್ನು ಸಾಕಿ ದತ್ತು ಕೊಡುವ ಒಂದು ಶೆಲ್ಟರ್‌ಗೆ ಹೋಗಿ ಕೆಲಸ ಮಾಡುತ್ತೇನೆ. ಅಲ್ಲಿ ಒಂದು ಕಂದು ಗಂಡುನಾಯಿ ಇದೆ, ಪ್ರಾಯದ್ದು. ಯಾರಾದರೂ ನೋಡಲು ಬಂದರೆ ಸಾಕು, ಕೆನಲ್‌ನ (ನಾಯಿಗೂಡಿನ) ಸರಳಿನ ಮೇಲೆ ಹಾರಿ ಹಾರಿ ಬೊಗಳುತ್ತದೆ. ಬಂದವರು ಹೆದರಿ ಮುಂದಿನ ಗೂಡಿಗೆ ಹೋಗಿಬಿಡುತ್ತಾರೆ. ಅದೇ ನಾಯಿ ಹೊರಗೆ ಬಂದರೆ ನನ್ನ ಕಾಲಿಗೆ ಒರಗಿ ಕೂರುತ್ತದೆ. ಬೇರೆ ನಾಯಿಗಳ ಜೊತೆ ಬಿಟ್ಟು ಆಡಿಸಿದರೆ ಪ್ರಯೋಜನ ಆಗುತ್ತಾ? ಕಚ್ಚಾಡಿದರೆ ಏನು ಗತಿ ಅಂತ ನಮ್ಮಲ್ಲಿ ಕೆಲವರಿಗೆ ಭಯ.

ಉತ್ತರ 1:
ದಯವಿಟ್ಟು ಶುರು ಮಾಡಿ. ನಾನು ಶೆಲ್ಟರ್‌ನಲ್ಲಿ ಆಟದ ಗುಂಪು ನಡೆಸುತ್ತೇನೆ. ನೀವು ಹೇಳಿದಂಥ ನಾಯಿಗಳೇ ನನಗೆ ಜಾಸ್ತಿ ಸಿಗುವುದು.

ಸರಳಿನ ಹಿಂದಿನ ಆ ಬೊಗಳಾಟ ಎಷ್ಟೋ ಸಲ ಸಿಟ್ಟಲ್ಲ. ಎದುರಿಗೆ ಮನುಷ್ಯ ಇದ್ದಾನೆ, ನಾಯಿ ಇದೆ, ಆದರೆ ಹತ್ತಿರ ಹೋಗಿ ಮೂಸುವಂತಿಲ್ಲ. ದಿನವಿಡೀ ಅದೇ ಆದರೆ ಯಾವ ಪ್ರಾಣಿಯಾದರೂ ಚಡಪಡಿಸುತ್ತದೆ, ಅಲ್ವಾ? ಬಯಲಲ್ಲಿ ಓಡಿ, ಮೂಸಿ, ಉರುಳಾಡಿ ಬಂದ ನಾಯಿ ಕೆನಲ್‌ಗೆ ಮರಳಿದ ಮೇಲೆ ಮಲಗುತ್ತದೆ. ಆಟದ ಮೊದಲ ಲಾಭ ಇದೇ.

ಶುರುವಿನಲ್ಲಿ ಗುಂಪು ಬೇಡ. ಎಲ್ಲರ ಜೊತೆ ಹೊಂದಿಕೊಳ್ಳುವ ಒಂದು ಸಮಾಧಾನದ ಹೆಣ್ಣುನಾಯಿಯನ್ನು ಆರಿಸಿ. ಎರಡನ್ನೂ ದೂರ ಇಟ್ಟುಕೊಂಡು ಒಂದೇ ದಿಕ್ಕಿಗೆ ನಡೆಸಿ. ಆಮೇಲೆ ಬೇಲಿಯ ಆಚೆ ಈಚೆ ಮೂಸಲಿ. ಬಯಲಿಗೆ ಬಿಟ್ಟಾಗ ಲೀಶ್ (ನಾಯಿ ಹಿಡಿಯುವ ಹಗ್ಗ) ನೆಲದ ಮೇಲೆ ಎಳೆದುಕೊಂಡು ಹೋಗಲಿ, ನಿಮ್ಮ ಕೈಯಲ್ಲಿ ಬಿಗಿಯಾಗಿ ಇರಬಾರದು. ಲೀಶ್ ಬಿಗಿದಷ್ಟೂ ನಾಯಿಯ ಮೈ ಬಿಗಿಯುತ್ತದೆ. ಚೆಂಡು, ಮೂಳೆ, ತಿಂಡಿ ಯಾವುದೂ ಅಲ್ಲಿರಬಾರದು. ಗೇಟಿನ ಬಳಿ ನಾಯಿಗಳು ಗುಂಪುಗೂಡಲು ಬಿಡಬೇಡಿ, ಜಗಳ ಹುಟ್ಟುವ ಜಾಗ ಅದು. ನೀರಿನ ಪೈಪು ಕೈಗೆ ಸಿಗುವಂತಿರಲಿ. ಜಗಳ ಬಿದ್ದರೆ ಕತ್ತಿನ ಪಟ್ಟಿಗೆ ಮಾತ್ರ ಕೈ ಹಾಕಬೇಡಿ. ತೀರಾ ಅನುಮಾನ ಇರುವ ನಾಯಿಗೆ ಬಾಯಿ ತೆರೆದು ಏದುಸಿರು ಬಿಡಲು ಜಾಗವಿರುವ, ಕಚ್ಚದಂತೆ ತಡೆಯುವ ಕುಕ್ಕೆಯನ್ನು ಮೂತಿಗೆ ಹಾಕಬಹುದು.

ನೋಡುವುದನ್ನು ಕಲಿಯಬೇಕು, ಕಷ್ಟ ಅದೇ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತುವ ಭಂಗಿ ಗೊತ್ತಲ್ಲ? ಜೋರಾಗಿ ಕಚ್ಚುವ ಆಟದ ಸ್ವಲ್ಪ ಮೊದಲು ಅಥವಾ ನಂತರ ನಾಯಿಗಳು ಈ ಭಂಗಿಯನ್ನು ಹೆಚ್ಚು ತೋರಿಸುತ್ತವೆ ಅಂತ ಮಾರ್ಕ್ ಬೆಕಾಫ್ ಅನ್ನುವ ಸಂಶೋಧಕರು 1995ರಲ್ಲಿ ಬರೆದಿದ್ದಾರೆ. "ಇದು ಆಟ ಕಣೋ" ಅಂತ ನೆನಪಿಸುವ ಹಾಗೆ. ಗುರುಗುಟ್ಟುವ ಸದ್ದಿಗೇ ಗಾಬರಿಯಾಗಬೇಡಿ. ಮೈ ಸಡಿಲವಾಗಿದ್ದು, ಅಟ್ಟಿಸುವ ಸರದಿ ಬದಲಾಗುತ್ತಿದ್ದರೆ ಆಟವೇ. ಮೈ ಮರಗಟ್ಟಿ, ಬಾಯಿ ಮುಚ್ಚಿ, ನೋಟ ನೆಟ್ಟರೆ ತಕ್ಷಣ ಬೇರೆ ಮಾಡಿ. ಅನುಮಾನ ಬಂದರೆ ಮೇಲೆ ಬೀಳುತ್ತಿರುವ ನಾಯಿಯನ್ನು ಹಿಡಿದುಕೊಳ್ಳಿ. ಇನ್ನೊಂದು ತಾನಾಗಿ ವಾಪಸ್ ಬಂದರೆ ಅದಕ್ಕೂ ಆಟ ಬೇಕು. ಓಡಿಹೋದರೆ ಅವತ್ತಿಗೆ ಸಾಕು.

ಉತ್ತರ 2:
ಆಟಕ್ಕೂ ಮೊದಲು ಆರೋಗ್ಯ. ಹೊಸದಾಗಿ ಬಂದ ನಾಯಿಯನ್ನು ನೇರ ಗುಂಪಿಗೆ ಬಿಡಬೇಡಿ. ನಾಯಿಗಳಿಗೆ ವಾಂತಿ ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗ ಕೆಮ್ಮು ಸೀನಿನಿಂದ ಹರಡುತ್ತದೆ. ಲಸಿಕೆ ಆಗಿ, ಪ್ರತ್ಯೇಕ ಇಟ್ಟ ಅವಧಿ ಮುಗಿದು, ಪಶುವೈದ್ಯರು ಸರಿ ಅಂದ ಮೇಲೆ ಬಿಡಿ. ಬೆದೆಗೆ ಬಂದ ಹೆಣ್ಣು ಗುಂಪಿನಲ್ಲಿ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಒಂದು ಸಂಶಯ. ಆಟ ಚೆನ್ನಾಗೇ ಆಯಿತು ಅಂದುಕೊಳ್ಳಿ. ನೋಡಲು ಬಂದವರಿಗೆ ಅದು ಹೇಗೆ ಗೊತ್ತಾಗಬೇಕು? ಅವರು ಬರುವುದು ಕೆನಲ್ ಮುಂದೆಯೇ ತಾನೇ?

ಉತ್ತರ 1:
ಕೆನಲ್ ಮುಂದೆ ಅವರನ್ನು ನಿಲ್ಲಿಸಲೇಬೇಡಿ. ಬದಲಿಗೆ ಬೇಲಿಯಾಚೆಯಿಂದ ಆಟ ನೋಡಲಿ. ಆಮೇಲೆ ನಾಯಿಯನ್ನು ಒಂದು ಸಣ್ಣ, ಸದ್ದಿಲ್ಲದ ಜಾಗಕ್ಕೆ ತಂದು ಭೇಟಿ ಮಾಡಿಸಿ. ಪ್ರೋಟೋಪೋಪೋವಾ ಮತ್ತು ವಿನ್ ಅನ್ನುವ ಸಂಶೋಧಕರು 2014ರಲ್ಲಿ ಇಂಥ ಭೇಟಿಗಳನ್ನೇ ಗಮನಿಸಿದ್ದರು. ಬಂದವರ ಹತ್ತಿರ ಮಲಗುವ ನಾಯಿ ದತ್ತು ಹೋಗುವ ಸಾಧ್ಯತೆ ಹೆಚ್ಚಿತ್ತು. ಅವರು ಆಡಲು ಕರೆದರೂ ಗಮನ ಕೊಡದ ನಾಯಿಗೆ ಸಾಧ್ಯತೆ ಕಡಿಮೆ. ನಿಮ್ಮ ಕಂದು ಹುಡುಗ ಕಾಲಿಗೆ ಒರಗುವವನು. ಓಡಿ ದಣಿದ ಮೇಲೆ ಅವನನ್ನು ತೋರಿಸಿದರೆ ಜನ ಆ ಗುಣವನ್ನೇ ನೋಡುತ್ತಾರೆ.

ಇನ್ನೊಂದು ಕೆಲಸ ಬಿಡಬೇಡಿ. ಪ್ರತಿ ಆಟದ ನಂತರ ಕಂಡದ್ದನ್ನು ಬರೆದಿಡಿ. "ಸ್ನೇಹಜೀವಿ" ಅಂತ ಸುಮ್ನೆ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ದೊಡ್ಡ ನಾಯಿಗಳ ಜೊತೆ ಒರಟಾಗಿ ಆಡುತ್ತದೆ, ಮರಿಗಳ ಹತ್ತಿರ ಮೆತ್ತಗಾಗುತ್ತದೆ, ಕರೆದರೆ ಆಟ ಬಿಟ್ಟು ಬರುತ್ತದೆ" ಅಂತ ಬರೆಯಿರಿ. ಮನೆಯಲ್ಲಿ ಈಗಾಗಲೇ ನಾಯಿ ಇರುವವರಿಗೆ ಬೇಕಾದ ಮಾಹಿತಿ ಇದು.

ಉತ್ತರ 3:
ನಮ್ಮಲ್ಲಿ ಒಂದು ವಯಸ್ಸಾದ ನಾಯಿಗೆ ಗುಂಪು ಸ್ವಲ್ಪವೂ ಇಷ್ಟವಿಲ್ಲ, ಮೂಲೆ ಹಿಡಿದು ನಿಲ್ಲುತ್ತದೆ. ಅಭ್ಯಾಸ ಆಗಲಿ ಅಂತ ಬಿಡುತ್ತಲೇ ಇರಬೇಕಾ?

ಉತ್ತರ 1:
ಬೇಡ, ಬಲವಂತ ಮಾಡಬೇಡಿ. ಅದಕ್ಕೆ ಒಬ್ಬರ ಜೊತೆ ನಿಧಾನದ ವಾಕ್, ಮೂಸಲು ಬೇಕಾದಷ್ಟು ಸಮಯ ಕೊಡಿ. ಅದರ ಪರಿಚಯದ ಕಾರ್ಡಿನಲ್ಲಿ "ಒಂಟಿ ನಾಯಿಯಾಗಿ ಇರಲು ಇಷ್ಟ" ಅಂತ ಧೈರ್ಯವಾಗಿ ಬರೆಯಿರಿ. ಅಂಥ ನಾಯಿಯನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ.