ತಮ್ಮನಿಗೆ ಜಾಮೀನು ಹಾಕಲ್ಲ ಅನ್ನೋಕೆ ಬಾಯೇ ಬರ್ತಿಲ್ಲ, ಏನ್ಮಾಡ್ಲಿ?

ವಿದ್ಯಾನಗರದ ಅಕ್ಕ:
ದಾವಣಗೆರೆಯವಳು ನಾನು. ತಮ್ಮ ಮಂಡಕ್ಕಿ ಭಟ್ಟಿಗೆ ಅಂತ ಸೊಸೈಟೀಲಿ 4 ಲಕ್ಷ ಸಾಲ ತಗೀತಾನಂತೆ, ಜಾಮೀನಿಗೆ ನಾನೇ ಸೈನ್ ಹಾಕ್ಬೇಕಂತೆ. ಹಿಂದೆ ಎರಡ್ ಸಲ ಕೊಟ್ಟ ಕೈಸಾಲ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ, ಒಳಗೊಳಗೇ ಕುದಿಯೋದಷ್ಟೇ. ನಮ್ಮನೆಯವ್ರು ಬೇಡ ಅಂತಾರೆ, ಅವ್ವ "ಒಡಹುಟ್ಟಿದವ್ನಿಗೆ ಇಷ್ಟೂ ಮಾಡಲ್ವೇನೆ" ಅಂತ ಕಣ್ಣೀರು ಹಾಕ್ತಾಳೆ. ಸಂಬಂಧ ಮುರೀದಂಗೆ ಇಲ್ಲ ಅನ್ನೋದು ಹೆಂಗ್ರಿ?

ಚಳ್ಳಕೆರೆ ಶೇಂಗಾ:
ಅಕ್ಕಾರೆ, ಅದಕ್ಕಿಂತ ಮುಂಚೆ ಇಷ್ಟು ದಿನ ಹೂಂ ಅಂದಿದ್ದು ಯಾಕೆ ಅಂತ ನೋಡ್ಕಳ್ರಿ. ನಾನೂ ತಂಗಿ ಮನೆಗೆ ದುಡ್ಡು ಸುರಿದೋನೇ, ಪ್ರೀತಿಗೆ ಕೊಡ್ತಿದೀನಿ ಅನ್ಕಂಡಿದ್ದೆ. ಒಂದಿನ ನನ್ನ ಒಂದ್ ಮಾತು ಕೇಳ್ದೆ ಹೊಸ ಫ್ರಿಜ್ ತಂದ್ರು, ಊಟಕ್ಕೆ ಕೂತೋನು ತಟ್ಟೆ ಬಿಟ್ಟು ಎದ್ದು ಬಂದೆ. ಬಸ್ಸಲ್ಲಿ ಚಳ್ಳಕೆರೆ ಬರೋವರೆಗೂ ಅದೇ ಯೋಚ್ನೆ, ಅವ್ರು ಫ್ರಿಜ್ ತಂದ್ರೆ ನಂಗ್ಯಾಕೆ ಉರಿ? ದುಡ್ಡು ಕೊಟ್ಟು ಅವರ ಮನೆ ಯಜಮಾನಿಕೆ ತಗಂಡಿದ್ದೆ ಕಣ್ರಿ. ಆಮೇಲೆ ತಂಗಿಗೆ "ಇನ್ಮೇಲೆ ಕೊಡಕ್ಕಾಗಲ್ಲ, ನಿಮ್ಮನೆ ವಿಷ್ಯಕ್ಕೂ ಬರಲ್ಲ" ಅಂತ ಎರಡನ್ನೂ ಒಟ್ಟಿಗೇ ಹೇಳ್ದೆ. ಬರೀ ಮೊದಲನೇದು ಹೇಳಿದ್ರೆ ಜಗಳ ಆಗ್ತಿತ್ತು.

ಕೋಟೆ ದಾರಿ:
ಜಾಮೀನು ಅಂದ್ರೆ ಬರೀ ಸೈನ್ ಅಲ್ಲ. 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ, ಬೇರೆ ಥರ ಬರ್ಕೊಂಡಿರದಿದ್ರೆ ಸಾಲಗಾರನಿಗೆ ಎಷ್ಟು ಹೊಣೆನೋ ಜಾಮೀನುದಾರರಿಗೂ ಅಷ್ಟೇ. ಅವ್ನು ಕಂತು ಕಟ್ಲಿಲ್ಲ ಅಂದ್ರೆ ನಿಮ್ಮ ಹತ್ರಾನೇ ಬರ್ತಾರೆ. 4 ಲಕ್ಷ ನಾನೇ ಕಟ್ಟಿ ಆಮೇಲೂ ತಮ್ಮನ ಜೊತೆ ನಕ್ಕೊಂಡು ಮಾತಾಡ್ತೀನಾ ಅಂತ ಕೇಳ್ಕಳ್ರಿ.

ಮಲೆಬೆನ್ನೂರು ಗೆಳತಿ:
ಒಂದ್ ಮಾತು, ನಮ್ಮನ್ನ ನಾವು ನೋಡ್ಕಳ್ಳೋದು ಅಂದ್ರೆ ಎಲ್ಲಾ ತಪ್ಪು ತಲೆಮೇಲೆ ಹೊತ್ಕಳ್ಳೋದಲ್ಲ. ಕೈಸಾಲ ತೀರಿಸ್ದೇ ಇರೋದು ತಮ್ಮಂದೇ ತಪ್ಪು. ಮನಸ್ಸಿಗೆ ತೀರಾ ಕಷ್ಟ ಆಗ್ತಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ರಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ವಿದ್ಯಾನಗರದ ಅಕ್ಕ:
ಶೇಂಗಾ ಅಣ್ಣಾರೆ, ಫ್ರಿಜ್ ವಿಷ್ಯ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ದುಗ್ಗಮ್ಮನ ಜಾತ್ರೆಗೆ ಬಂದ ನೆಂಟರು "ಅವಳಿಲ್ದಿದ್ರೆ ಇವ್ನ ಗತಿ ಏನಾಗ್ತಿತ್ತು" ಅಂದಿದ್ರು, ತಮ್ಮ ತಲೆ ಬಗ್ಗಿಸ್ಕಂಡು ಉಣ್ತಿದ್ದ, ನಂಗೆ ಆ ಮಾತು ಇನ್ನೊಂದ್ಸಲ ಕೇಳ್ಬೇಕು ಅನ್ನಿಸಿತ್ತು. ಇವತ್ತು ಬೆಳಗ್ಗೆ ಅವನ್ನ ಕುಂದವಾಡ ಕೆರೆ ಏರಿಗೆ ಕರ್ಕಂಡೋಗಿ, "ಜಾಮೀನು ಹಾಕಲ್ಲ ಕಣೋ, ಹಳೇ ದುಡ್ಡಿನ ಮಾತೂ ಯಾರ ಮುಂದೂ ಎತ್ತಲ್ಲ" ಅಂದೆ. ಏನೂ ಮಾತಾಡ್ಲಿಲ್ಲ. ಬೈಕ್ ಸ್ಟಾರ್ಟ್ ಮಾಡ್ಕಂಡು ಸುಮಾರು ಹೊತ್ತು ಹಂಗೇ ನಿಂತಿದ್ದ, ಆಮೇಲೆ "ಹತ್ತಕ್ಕ, ಮನೆಗೆ ಬಿಡ್ತೀನಿ" ಅಂದ. ಅವ್ವ ಇನ್ನೂ ಮಾತಾಡ್ಸಿಲ್ಲ.