ಪದಚರ್ಚೆ: ‘ಪರವಾನಗಿ ಭೂಮಾಪಕ’ ಕ್ಯಾಲಿಫೋರ್ನಿಯಾಕ್ಕೆ ಹೊಂದುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಭೂಮಾಪಕರಿಗೆ ಲೈಸೆನ್ಸ್ ಕೊಡುವ ವ್ಯವಸ್ಥೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಲೈಸೆನ್ಸ್ಡ್ ಲ್ಯಾಂಡ್ ಸರ್ವೇಯರ್’ ಎಂಬುದಕ್ಕೆ ನಮ್ಮಲ್ಲಿ ‘ಪರವಾನಗಿ ಭೂಮಾಪಕ’ ಎಂಬ ಸಿದ್ಧ ಪದವಿದೆ, ತಾಲ್ಲೂಕು ಕಚೇರಿಗೆ ಅಲೆದವರೆಲ್ಲರಿಗೂ ಗೊತ್ತು. ಗೊತ್ತಿರುವುದೇ ತೊಡಕಾಗಿದೆ.

ನಮ್ಮ ಪರವಾನಗಿ ಭೂಮಾಪಕರು ಇಲಾಖೆಯ ಆಸರೆಯಲ್ಲಿ ಕೆಲಸ ಮಾಡುವವರು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಅಡಿಯಲ್ಲಿ ಅವರಿಗೆ ಪರವಾನಗಿ ಸಿಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ಬೇಕಾಗುವ 11ಇ ನಕ್ಷೆಯನ್ನು ಅವರು ಅಳೆದು ತಯಾರಿಸಿದರೂ ಅದಕ್ಕೆ ಇಲಾಖೆಯ ಮೇಲ್ವಿಚಾರಕರು ಒಪ್ಪಿಗೆ ಹಾಕಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವ ಮಂಡಳಿಯಾದರೋ ಅಳತೆಯ ಗೋಜಿಗೇ ಹೋಗುವುದಿಲ್ಲ. ಎಂಜಿನಿಯರ್, ಭೂಮಾಪಕ, ಭೂವಿಜ್ಞಾನಿ ಮೂವರಿಗೂ ಅದೊಂದೇ ಮಂಡಳಿ. ಅನುಭವವನ್ನು ಪರಿಶೀಲಿಸುವುದು, ರಾಷ್ಟ್ರಮಟ್ಟದ ಎರಡು ಪರೀಕ್ಷೆಗಳ ಜೊತೆಗೆ ರಾಜ್ಯದ್ದೇ ಒಂದನ್ನು ಪಾಸು ಮಾಡಿಸುವುದು, ದೂರು ಬಂದರೆ ವಿಚಾರಿಸಿ ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡುವುದು ಅದರ ಕೆಲಸ. ಲೈಸೆನ್ಸ್ ಪಡೆದವರು ಸ್ವಂತ ಕಚೇರಿ ತೆರೆದು, ತಮ್ಮದೇ ಮೊಹರು ಒತ್ತಿ ಸಹಿ ಹಾಕುತ್ತಾರೆ, ನಮ್ಮ ವಕೀಲರ ಹಾಗೆ.

ವಕೀಲರ ನೆನಪಾದಾಗ ‘ಸನ್ನದು’ ಹೊಳೆಯಿತು. ‘ಸನ್ನದು ಪಡೆದ ಭೂಮಾಪಕ’ ಎಂದರೆ ವೃತ್ತಿಯ ಘನತೆಯೂ ಬರುತ್ತದೆ, ಕೊಟ್ಟ ಮಂಡಳಿ ಕಿತ್ತುಕೊಳ್ಳಲೂಬಹುದು ಎಂಬ ಸೂಚನೆಯೂ ಸಿಗುತ್ತದೆ. ಅಬಕಾರಿ ಇಲಾಖೆಯ ಭಾಷೆಯಲ್ಲಿ ಮದ್ಯದಂಗಡಿಯವರೂ ‘ಸನ್ನದುದಾರರೇ’ ಎಂದು ಯಾರಾದರೂ ನಗಬಹುದು, ನಗಲಿ. ‘ನೋಂದಾಯಿತ’ ಮಾತ್ರ ನನಗೆ ಬೇಡ. ಟೆಕ್ಸಾಸ್‌ನಲ್ಲಿ ಇದೇ ವೃತ್ತಿಯವರನ್ನು ‘ರಿಜಿಸ್ಟರ್ಡ್’ ಎನ್ನುತ್ತಾರೆ, ಆದರೆ ಅವರೂ ಪರೀಕ್ಷೆ ದಾಟಿ ಬಂದವರೇ. ಕನ್ನಡದಲ್ಲಿ ‘ನೋಂದಾಯಿತ’ ಎಂದರೆ ಶುಲ್ಕ ಕಟ್ಟಿ ಹೆಸರು ಬರೆಸಿದಂತೆ ಕೇಳಿಸುತ್ತದೆ.

ಎರಡನೆಯದು ‘ಮಾನ್ಯುಮೆಂಟ್’, ಅಂದರೆ ಜಮೀನಿನ ಗಡಿ ತೋರಿಸಲು ಭೂಮಾಪಕರು ನೆಡುವ ಗುರುತು. ಇದನ್ನು ‘ಸ್ಮಾರಕ’ ಎಂದರೆ ಹೊಲದ ಮೂಲೆಯಲ್ಲಿ ಗೋಪುರ ಎದ್ದೀತು! ನಮ್ಮ ‘ಬಾಂದುಕಲ್ಲು’ ಅರ್ಥಕ್ಕೆ ಸರಿ, ಆದರೆ ಅಲ್ಲಿ ನೆಡುವುದು ಹೆಚ್ಚಾಗಿ ಕಬ್ಬಿಣದ ಸರಳು ಅಥವಾ ಕೊಳವೆ. ಅದರ ತಲೆಗೆ ಪುಟ್ಟ ಬಿಲ್ಲೆ ಕೂರಿಸಿ ‘ಎಲ್‌ಎಸ್’ ಎಂಬ ಅಕ್ಷರಗಳನ್ನೂ ನೆಟ್ಟವರ ಲೈಸೆನ್ಸ್ ಸಂಖ್ಯೆಯನ್ನೂ ಒತ್ತಿರುತ್ತಾರೆ. ಸಂಖ್ಯೆ ಇರಲೇಬೇಕೆಂಬುದು ಕಾನೂನು. ಮುಂದೆಂದೋ ಇನ್ನೊಬ್ಬ ಭೂಮಾಪಕರು ಮಣ್ಣು ಕೆದಕಿದಾಗ ಇದು ಯಾರ ಕೆಲಸ ಎಂದು ತಿಳಿಯುತ್ತದೆ. ‘ಕಲ್ಲು’ ಬಿಟ್ಟು ಬರೀ ‘ಬಾಂದು’ ಎಂದು ಬರೆಯುತ್ತಿದ್ದೇನೆ. ಮೈಸೂರು ಸೀಮೆಯ ಹೊರಗಿನವರಿಗೆ ಇದು ತಿಳಿಯುತ್ತದೆಯೇ, ಅಥವಾ ‘ಗಡಿಗುರುತು’ ಎಂದು ಬಿಡಿಸಿ ಹೇಳಬೇಕೇ?

ನಿಜಕ್ಕೂ ಕೈಕಟ್ಟಿರುವುದು ‘ರೆಸ್ಪಾನ್ಸಿಬಲ್ ಚಾರ್ಜ್’. ಅಳತೆ, ವೀಕ್ಷಣೆ, ಗಡಿಯ ವಿವರಣೆ ಇವುಗಳನ್ನು ಸ್ವಂತ ವಿವೇಚನೆಯಿಂದ, ಸ್ವತಂತ್ರವಾಗಿ ನಿಯಂತ್ರಿಸಿ ನಡೆಸುವುದು ಎಂದು ಆ ರಾಜ್ಯದ ಕಾನೂನು ಇದಕ್ಕೆ ಅರ್ಥ ಹೇಳುತ್ತದೆ. ಅಳತೆಯ ಸರಪಳಿ ಹಿಡಿದವರು ಯಾರೇ ಇರಲಿ, ಎಲ್ಲಿ ಹಿಡಿಯಬೇಕು, ಯಾವ ಹಳೆಯ ದಾಖಲೆಯನ್ನು ನಂಬಬೇಕು ಎಂದು ತೀರ್ಮಾನಿಸಿದವರದೇ ಅದು. ಹಣಕಾಸಿನ ಬಾಧ್ಯತೆಗೂ ಈ ಮಾತಿಗೂ ಸಂಬಂಧವಿಲ್ಲ ಎಂದೂ ಅದೇ ಕಲಮು ಸ್ಪಷ್ಟಪಡಿಸುತ್ತದೆ. ಹಾಗಾಗಿ ‘ಹೊಣೆಗಾರಿಕೆ’ ಎಂದರೆ ಕಾನೂನು ಯಾವುದನ್ನು ಬೇಡ ಎಂದಿದೆಯೋ ಅದೇ ಒಳಗೆ ಬರುತ್ತದೆ. ‘ಮೇಲ್ವಿಚಾರಣೆ’ ಎಂದರೆ ಪಕ್ಕದಲ್ಲಿ ನಿಂತು ನೋಡಿಕೊಂಡಂತೆ. ‘ಉಸ್ತುವಾರಿ’ ಹತ್ತಿರ ಬರುತ್ತದೆ, ಆದರೆ ಜಿಲ್ಲಾ ಉಸ್ತುವಾರಿ ಸಚಿವರ ದೆಸೆಯಿಂದ ಆ ಪದ ಎಷ್ಟು ಸವೆದಿದೆ ಎಂದರೆ, ಅದರಲ್ಲಿ ವಿವೇಚನೆಯ ವಾಸನೆ ಉಳಿದಿದೆಯೇ ಎಂಬ ಅನುಮಾನ ನನ್ನದು. ಸದ್ಯಕ್ಕೆ ‘ಸ್ವತಂತ್ರ ಉಸ್ತುವಾರಿ’ ಎಂದು ಹಾಕಿಟ್ಟಿದ್ದೇನೆ. ಕಂದಾಯ ಇಲಾಖೆಯಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ದುಡಿದವರು ಬಳಗದಲ್ಲಿದ್ದರೆ, ಕಡತಗಳಲ್ಲಿ ಇದಕ್ಕಿಂತ ಒಳ್ಳೆಯ ಪದ ಓಡಾಡುತ್ತಿದೆಯೇ ತಿಳಿಸಿ.